ಕಬ್ಬಿಣದ ಲಯ, ಪೆಟ್ಟಿಗೆಯ ಶ್ರುತಿ

ಫ್ಯಾಕ್ಟರಿಯ ಸದ್ದು ಸಂಗೀತವಾಗಬಹುದೇ? ಆಗಬಹುದು ಎಂದು ತೋರಿಸಿದ ಆಲ್ಬಮ್‌ಗಳಲ್ಲಿ 1977ರ ‘ಟ್ರಾನ್ಸ್-ಯುರೋಪ್ ಎಕ್ಸ್‌ಪ್ರೆಸ್’ ಮುಖ್ಯವಾದದ್ದು. ಅದನ್ನು ಮಾಡಿದವರು ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದವರು. ಆ ಹೆಸರಿನ ಅರ್ಥವೇ ವಿದ್ಯುತ್ ಸ್ಥಾವರ! ಅವರ ಊರು ಡುಸೆಲ್‌ಡಾರ್ಫ್. ಕಲ್ಲಿದ್ದಲು ಮತ್ತು ಉಕ್ಕಿಗೆ ಹೆಸರಾದ ರೂರ್ ಪ್ರದೇಶ ಅದರ ಪಕ್ಕದಲ್ಲೇ ಇದೆ.

ಈ ಆಲ್ಬಮ್‌ನ ನಾಯಕ ಒಂದು ರೈಲು. ಸೀಕ್ವೆನ್ಸರ್ ಎಂಬ ಯಂತ್ರ ಸ್ವರಗಳ ಸಾಲನ್ನು ನೆನಪಿಟ್ಟುಕೊಂಡು ಮತ್ತೆ ಮತ್ತೆ ನುಡಿಸುತ್ತದೆ. ನಮ್ಮ ತಾಳದ ಆವರ್ತನದಂತೆ ಅದು ಸುತ್ತಿ ಸುತ್ತಿ ಮೊದಲಿಗೇ ಬರುತ್ತದೆ. ‘ಮೆಟಲ್ ಆನ್ ಮೆಟಲ್’ ಎಂಬ ಭಾಗದಲ್ಲಂತೂ ಲೋಹಕ್ಕೆ ಲೋಹ ಬಡಿಯುವ ಪೆಟ್ಟುಗಳೇ ಎಲ್ಲ. ಮೊದಲ ಸಲ ಕೇಳಿದರೆ ಗಲಾಟೆ ಅನ್ನಿಸುತ್ತದೆ. ಎರಡನೇ ಸಲ ಆ ಪೆಟ್ಟುಗಳ ನಡುವಿನ ಲೆಕ್ಕ ಕೇಳಿಸುತ್ತದೆ. 1982ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನವರು ಈ ಆಲ್ಬಮ್‌ನ ರಾಗವನ್ನು ‘ಪ್ಲಾನೆಟ್ ರಾಕ್’ ಹಾಡಿಗೆ ತಂದರು. ಹಿಪ್-ಹಾಪ್‌ಗೂ ಯಂತ್ರಕ್ಕೂ ಸ್ನೇಹ ಬೆಳೆಯಿತು.

ಅದೇ ಕಾಲಕ್ಕೆ ನಮ್ಮ ಬೆಂಗಳೂರಿನಲ್ಲೂ ಒಬ್ಬ ಎಂಜಿನಿಯರ್ ಯಂತ್ರದಿಂದ ನಾದ ತೆಗೆಯುತ್ತಿದ್ದರು. ಅವರೇ ಜಿ. ರಾಜ್ ನಾರಾಯಣ್, ಸ್ವತಃ ಕೊಳಲು ವಾದಕರು. ಅವರು 1979ರಲ್ಲಿ ಶುರುಮಾಡಿದ ರಾಡೆಲ್ ಕಂಪನಿಯ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳು ಇಂದು ನಮ್ಮ ಎಷ್ಟೋ ಮನೆಗಳಲ್ಲಿವೆ.

ಎರಡೂ ಕಡೆ ಇರುವುದು ಎಲೆಕ್ಟ್ರಾನಿಕ್ಸ್, ಆದರೆ ಉದ್ದೇಶ ಬೇರೆ. ಕ್ರಾಫ್ಟ್‌ವರ್ಕ್ ‘ನಾನು ಯಂತ್ರ, ಕೇಳು’ ಎನ್ನುತ್ತದೆ. ಶ್ರುತಿಪೆಟ್ಟಿಗೆ ‘ನನ್ನನ್ನು ಮರೆತುಬಿಡು, ಹಾಡು’ ಎನ್ನುತ್ತದೆ. ಇದರಲ್ಲಿ ನಷ್ಟವೂ ಇದೆ. ಗುರುವಿನ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯ ಕೇಳಿ ಕೇಳಿಯೇ ಕಲಿಯುತ್ತಿದ್ದ. ಪೆಟ್ಟಿಗೆ ಬಂದ ಮೇಲೆ ಆ ಜಾಗ ಖಾಲಿಯಾಯಿತು. ಆದರೆ ತಂಬೂರಿ ಮೀಟುವವರೇ ಇಲ್ಲದ ಲಿಯಾಂಡರ್‌ನಲ್ಲಿ ಕಲಿಯುವ ಮಕ್ಕಳಿಗೆ ಆ ಪೆಟ್ಟಿಗೆ ಇಲ್ಲದಿದ್ದರೆ ‘ಸ’ ಹಿಡಿಯುವುದೇ ಕಷ್ಟವಾಗುತ್ತಿತ್ತು. ಹಾಗಾಗಿ ಯಂತ್ರ ಸಂಗೀತವನ್ನು ಕೊಲ್ಲುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಖಾಲಿಯಾದ ಜಾಗದಲ್ಲಿ ಕೂತು ಗಮನವಿಟ್ಟು ಕೇಳುವ ಕೆಲಸ ಮಾತ್ರ ನಮ್ಮದೇ. ಅದನ್ನು ಯಾವ ಪೆಟ್ಟಿಗೆಯೂ ಮಾಡಿಕೊಡುವುದಿಲ್ಲ.

ಲಿಯಾಂಡರ್‌ನಿಂದ ಆಸ್ಟಿನ್‌ಗೆ 2010ರಿಂದ ಓಡುತ್ತಿರುವ ರೆಡ್ ಲೈನ್ ರೈಲಿನಲ್ಲಿ ಮುಂದಿನ ಸಲ ಹೋಗುವಾಗ ಅಪ್ಪ-ಅಮ್ಮನಿಗೂ ಒಂದು ಇಯರ್‌ಫೋನ್ ಕೊಡಿ. ಈ ಆಲ್ಬಮ್ ಹಾಕಿ. ಬೇಡ ಅಂದರೆ ಅದನ್ನು ತೆಗೆದು ಗಾಲಿಗಳ ಸದ್ದಿಗೇ ಒಟ್ಟಿಗೆ ತಾಳ ಹಾಕಿ ನೋಡಿ.