ಮಸಿ ಮತ್ತು ಬಣ್ಣ: ಅಡುಗೆಮನೆಯ ಕಪ್ಪು ಗೋಡೆಯ ಚರಿತ್ರೆ

ಕನ್ನಡದಲ್ಲಿ ಗಡಿಗೆಯ ತಳಕ್ಕೆ ಹತ್ತುವುದೂ ಮಸಿ, ಲೇಖನಿಯಿಂದ ಇಳಿಯುವುದೂ ಮಸಿ. ಒಲೆಯಿಂದ ಪಾತ್ರೆ ಇಳಿಸುವುದು ಮಸಿಬಟ್ಟೆಯಿಂದ, ಬರೆಯುವವರ ಎದುರಿಗಿರುತ್ತಿದ್ದದ್ದು ಮಸಿಕುಡಿಕೆ. ಒಂದೇ ಪದಕ್ಕೆ ಎರಡು ಅರ್ಥ ಬಂದದ್ದು ಸುಮ್ಮನೆ ಅಲ್ಲ. ತಾಳೆಗರಿಯಲ್ಲಿ ಕಂಠದಿಂದ ಕೊರೆದ ಅಕ್ಷರ ಕಣ್ಣಿಗೆ ಕಾಣಬೇಕಾದರೆ ಅದರ ಮೇಲೆ ಮಸಿ ತಿಕ್ಕಬೇಕಿತ್ತು. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲವಿತ್ತು. ಆ ಕಪ್ಪು ಬಟ್ಟೆಯ ಪುಸ್ತಕವೇ ಕಡತ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ಇವತ್ತಿನ ಕಚೇರಿಗಳ ಕಡತದಲ್ಲಿರುವುದು ಬಿಳಿ ಕಾಗದ, ಹೆಸರು ಮಾತ್ರ ಆ ಕಪ್ಪು ಬಟ್ಟೆಯದು.

ಅಕ್ಷರಕ್ಕೆ ಒದಗಿದ ಈ ಮಸಿಯನ್ನು ನಮ್ಮ ವಿದ್ವಾಂಸರು ನೆನೆದಿದ್ದಾರೆ. ಅಡುಗೆಮನೆಯ ಗೋಡೆಗೆ ಹತ್ತಿದ ಮಸಿಯ ಚರಿತ್ರೆಯನ್ನು ಬರೆದವರು ಕಡಿಮೆ. ಆ ಚರಿತ್ರೆ ಈಗ ನೆನಪಾಗಲು ಕಾರಣವಿದೆ. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೆದ್ದಾರಿಯಲ್ಲಿ ಹೊರಟರೆ ಸಿಗುವ ಆನಗೋಡಿನಂಥ ಊರುಗಳಲ್ಲೂ ಮಣ್ಣಿನ ಮಾಳಿಗೆ ಮನೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಎದ್ದಿವೆ. ಬಣ್ಣದ ಅಂಗಡಿಯ ಕಾರ್ಡಿನಲ್ಲಿ ಅಡುಗೆಮನೆಗೆಂದು ಇದ್ದಿಲು ಬೂದು, ಕಡುನೀಲಿ, ಕಡುಹಸಿರು ಬಣ್ಣಗಳು ಬಂದಿವೆ. ಹೊಗೆಯ ಕಪ್ಪನ್ನು ಕೆರೆದು ಕೆರೆದು ಸೋತ ಅಜ್ಜಿಯ ಮೊಮ್ಮಗಳು ದುಡ್ಡು ಕೊಟ್ಟು ಅದೇ ಕಪ್ಪನ್ನು ಬಳಿಸುತ್ತಾಳೆ ಎಂದು ನಗಬಹುದು. ಆದರೆ ಅದು ಅದೇ ಕಪ್ಪೇ?

ಹಳೆಯ ಕಪ್ಪನ್ನು ಮೊದಲು ನೋಡೋಣ. ಈ ಬಯಲುಸೀಮೆಯ ಮಾಳಿಗೆ ಮನೆಯಲ್ಲಿ ದಪ್ಪ ಗೋಡೆ, ತೊಲೆ, ಜಂತಿ, ಅದರ ಮೇಲೆ ಮಣ್ಣು. ಅಡುಗೆಮನೆ ಹೆಚ್ಚಾಗಿ ಮನೆಯ ಒಳಮೂಲೆಯಲ್ಲಿ. ಹೊರಗಿನವರ ಕಣ್ಣು ಒಲೆಯ ಮೇಲೂ ಒಲೆಯ ಮುಂದಿನ ಹೆಂಗಸಿನ ಮೇಲೂ ಬೀಳಬಾರದೆಂಬ ಕಟ್ಟುಪಾಡು ಅದನ್ನು ಅಲ್ಲಿಗೆ ತಳ್ಳಿತ್ತು. ಬೆಳಕಿಗೂ ಹೊಗೆಗೂ ಇದ್ದದ್ದು ಮಾಳಿಗೆಯ ಒಂದು ಬೆಳಕಿಂಡಿ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಉರುವಲು ಹೊಲದಿಂದ ಬಂದದ್ದು: ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಜಾಲಿ, ಕುಳ್ಳು, ಈಚಿನ ದಶಕಗಳಲ್ಲಿ ಮೆಕ್ಕೆಜೋಳದ ಬೆಂಡು. ಇವುಗಳಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಬೆಂಡು ಬೇಗ ಹತ್ತಿ ಬೇಗ ಆರುತ್ತವೆ. ಹಾಗಾಗಿ ಊದುಗೊಳವೆ ಹಿಡಿದವಳು ಒಲೆ ಬಿಟ್ಟು ಏಳುವಂತಿಲ್ಲ. ಅರೆ ಉರಿದ ಕಟ್ಟಿಗೆಯ ಹೊಗೆಯಲ್ಲಿ ಇಂಗಾಲದ ಕಣಗಳ ಜೊತೆಗೆ ಜಿಗುಟಾದ ಟಾರೂ ಇರುತ್ತದೆ. ಅದು ಗೋಡೆಗೆ ಅಂಟಿ, ಜಂತಿಯಿಂದ ಇಲ್ಲಣವಾಗಿ ಜೋತುಬೀಳುತ್ತದೆ.

ಆ ಹೊಗೆಯಿಂದ ಉಪಯೋಗವೇ ಇರಲಿಲ್ಲ ಎನ್ನುವಂತಿಲ್ಲ. ಹೊಗೆ ಕುಡಿದ ಜಂತಿಗೆ ಹುಳ ಹತ್ತುವುದು ಕಡಿಮೆ. ಬಿತ್ತನೆಗೆ ಇಟ್ಟ ತೆನೆಗಳನ್ನು ಒಲೆಯ ಮೇಲ್ಗಡೆ ಕಟ್ಟಿದ್ದು ಇದೇ ಕಾರಣಕ್ಕೆ. ಆದರೆ ಜಂತಿಯನ್ನು ಉಳಿಸಿದ ಹೊಗೆ ಅದರ ಕೆಳಗೆ ಕೂತವಳನ್ನು ಉಳಿಸಲಿಲ್ಲ. 1980ರ ದಶಕದ ಆರಂಭದಲ್ಲಿ ಕರ್ಕ್ ಸ್ಮಿತ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಗುಜರಾತಿನ ಹಳ್ಳಿಗಳಲ್ಲಿ, ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಅಳತೆಯ ಉಪಕರಣ ಕಟ್ಟಿ ಅವರು ಉಸಿರಾಡುವ ಹೊಗೆಯನ್ನು ಅಳೆದರು. ಅಲ್ಲಿಯವರೆಗೆ ವಾಯುಮಾಲಿನ್ಯವೆಂದರೆ ಊರಾಚೆಯ ಕಾರ್ಖಾನೆ ಮತ್ತು ನಗರದ ವಾಹನ ಎಂದೇ ಎಣಿಕೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗೋಡೆಯ ಕಪ್ಪು ಕಣ್ಣಿಗೆ ಕಾಣುತ್ತಿತ್ತು. ಎದೆಯೊಳಗಿನದು ಕೆಮ್ಮಾಗಿ ಮಾತ್ರ ಕೇಳಿಸುತ್ತಿತ್ತು.

ಇದಕ್ಕೆ ಹೆಂಗಸರ ಬಳಿ ಇದ್ದ ಉತ್ತರ ಸುಣ್ಣ. ಮಹಾನವಮಿಗೋ ದೀಪಾವಳಿಗೋ ಊರಜಾತ್ರೆಗೋ ಮುಂಚೆ ಇಲ್ಲಣ ಹೊಡೆದು, ಗೋಡೆ ಕೆರೆದು, ಅರಳಿಸಿದ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿ ಬಳಿಯುವುದು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ. ಅದರ ಖಾರಕ್ಕೆ ಬೂಷ್ಟು ಬೆಳೆಯುವುದಿಲ್ಲ, ಕತ್ತಲ ಕೋಣೆಗೆ ಒಂದಿಷ್ಟು ಬೆಳಕೂ ಬರುತ್ತದೆ. ಆದರೆ ಟಾರು ಕುಡಿದ ಗೋಡೆಯ ಮೇಲೆ ಸುಣ್ಣ ನಿಲ್ಲುವುದು ಕಷ್ಟ. ಕೆಲವೇ ದಿನಕ್ಕೆ ಒಳಗಿನ ಹಳದಿ ಕಲೆ ಹೊರಗೆ ಬರುತ್ತದೆ, ಕೆಲವು ವಾರಕ್ಕೆ ಹೊಸ ಮಸಿ. ಬಿಳುಪು ಆ ಅಡುಗೆಮನೆಗೆ ಹಬ್ಬದ ಅತಿಥಿ.

ಹಾಗೆಂದು ನಮ್ಮ ಹೆಂಗಸರಿಗೆ ಗಾಢ ಬಣ್ಣದ ಬಗ್ಗೆ ಹಗೆಯೇನೂ ಇರಲಿಲ್ಲ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರವನ್ನು ನೋಡಿ. ಕೆಮ್ಮಣ್ಣು ಬಳಿದ ಕಡುಗೆಂಪು ಗೋಡೆ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ, ಕಪ್ಪಿಗೆ ಸುಟ್ಟ ಅಕ್ಕಿ. ಬಯಲುಸೀಮೆಯ ಮನೆಗಳ ಮುಂಭಾಗಕ್ಕೂ ಸುಣ್ಣದ ಕೆಳಗೆ ಕೆಮ್ಮಣ್ಣಿನ ಕಾರಣೆ ಇರುತ್ತಿತ್ತು. ಗಾಢ ಬಣ್ಣ ಚಂದವೆನ್ನುವ ಕಣ್ಣು ಮೊದಲಿಂದಲೂ ಇತ್ತು. ಅಡುಗೆಮನೆಯಲ್ಲಿ ಮಾತ್ರ ಅದನ್ನು ಬಳಸುವ ಅವಕಾಶವಿರಲಿಲ್ಲ, ಯಾಕೆಂದರೆ ಅಲ್ಲಿ ಬಣ್ಣ ಹಚ್ಚುತ್ತಿದ್ದದ್ದು ಹೊಗೆ.

ಹೊಗೆಯನ್ನು ಹೊರಗೆ ಕಳಿಸುವ ಒಂದು ಗಂಭೀರ ಪ್ರಯತ್ನ ನಡೆದದ್ದು ನಮ್ಮಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು ಗ್ರಾಮಗಳಿಗೆ ವಿಜ್ಞಾನ, ತಂತ್ರಜ್ಞಾನ ಒಯ್ಯಲೆಂದು ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ: ಒಂದೇ ಉರಿಗೆ ಮೂರು ಪಾತ್ರೆ, ಗಾಳಿಯಾಡಲು ಕೆಳಗೆ ಜಾಲರಿ, ಹೊಗೆಗೆ ಮಾಳಿಗೆ ದಾಟುವ ಕೊಳವೆ. 1980ರ ದಶಕದಲ್ಲಿ ಸರ್ಕಾರದ ಯೋಜನೆಯಾಗಿ ಅದು ರಾಜ್ಯದ ಹಳ್ಳಿಗಳನ್ನು ಹೊಕ್ಕಿತು. ಚೆನ್ನಾಗಿ ಕಟ್ಟಿದ ಕಡೆ ಕಟ್ಟಿಗೆ ಉಳಿಯಿತು, ಗೋಡೆ ಬೆಳ್ಳಗಾಯಿತು. ಕೊಳವೆಯ ಮಸಿ ತೆಗೆಯದೆ ಬಿಟ್ಟ ಕಡೆ, ಅಳತೆ ತಪ್ಪಿ ಕಟ್ಟಿದ ಕಡೆ ಹೊಗೆ ಹಿಂತಿರುಗಿ ಬಂತು, ಹಳೆಯ ಒಲೆಯೂ ಬಂತು.

ಕೊನೆಗೆ ಗೋಡೆಯನ್ನು ಹೆಚ್ಚಾಗಿ ಬದಲಿಸಿದ್ದು ಗ್ಯಾಸು. ಇಂಡೇನ್ ಸಿಲಿಂಡರ್ 1965ರಲ್ಲಿ ಕಲ್ಕತ್ತಾದಲ್ಲಿ ಮೊದಲು ಮಾರಾಟವಾಯಿತು. ನಗರದ ನೌಕರಿಯ ಮನೆಗಳಿಗೆ ಮೊದಲು, ಹೊಲಗೇರಿಯ ಮನೆಗಳಿಗೆ ಕೊನೆಗೆ ಎಂಬ ಸರದಿ ಇದರಲ್ಲೂ ತಪ್ಪಲಿಲ್ಲ. ಬಡ ಮನೆಗಳಿಗಾಗಿ ಉಜ್ವಲಾ ಯೋಜನೆ ಶುರುವಾದದ್ದು 2016ರ ಮೇ 1ರಂದು, ಅಂದರೆ ಐವತ್ತು ವರ್ಷಗಳ ನಂತರ. ಹೊಗೆ ಹೋದ ಮೇಲೆಯೇ ಗೋಡೆಯ ಬಣ್ಣ ಆಯ್ಕೆಯ ವಿಷಯವಾಗುವುದು ನಮ್ಮಲ್ಲಿ ಮಾತ್ರವೂ ಅಲ್ಲ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1926ರಲ್ಲಿ ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಕಾರ್ಮಿಕರ ಮನೆಗಳಿಗೆ ಗ್ಯಾಸ್ ಒಲೆಯ ಪುಟ್ಟ ಅಡುಗೆಮನೆ ರೂಪಿಸಿ, ಕಪಾಟುಗಳಿಗೆ ನೀಲಿ ಹಚ್ಚಿಸಿದಳು. ನೀಲಿಯ ಮೇಲೆ ನೊಣ ಕೂರುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಕಟ್ಟಿಗೆ ಒಲೆಯ ಕೋಣೆಯಲ್ಲಿ ಆ ನೀಲಿ ಎಷ್ಟು ದಿನ ನೀಲಿಯಾಗಿ ಉಳಿಯುತ್ತಿತ್ತು?

ಆದ್ದರಿಂದ ಇವತ್ತಿನ ಕಪ್ಪು ಗೋಡೆ ಹಳೆಯ ಮಸಿಯ ಮರುಕಳಿಕೆಯಲ್ಲ. ಸ್ವಿಚ್ ಒತ್ತಿದರೆ ಬೆಳಕು, ಕಿವಿ ತಿರುಗಿಸಿದರೆ ನೀಲಿ ಉರಿ, ಕಿಟಕಿಯಿಂದ ಗಾಳಿ ಇರುವ ಕೋಣೆಯಲ್ಲಿ ಮಾತ್ರ ಕಪ್ಪು ಒಂದು ಬಣ್ಣವಾಗುತ್ತದೆ. ಆಗಲೂ ಅದು ಕೆಲಸ ಕೇಳುವ ಬಣ್ಣವೇ. ಕಪ್ಪು ಗೋಡೆ ಬೆಳಕನ್ನು ನುಂಗುವುದರಿಂದ ಕಟ್ಟೆಯ ಮೇಲೆ ಬೇರೆ ದೀಪ ಬೇಕು. ಒಗ್ಗರಣೆಯ ಅರಿಶಿನ ಅದರ ಮೇಲೆ ಕಾಣುವುದಿಲ್ಲ. ರೊಟ್ಟಿ ಬಡಿಯುವಾಗ ಹಾರಿದ ಜೋಳದ ಹಿಟ್ಟು, ಬೋರಿನ ಗಡಸು ನೀರಿನ ಬಿಳಿ ಕಲೆ, ಎಣ್ಣೆಯ ಹನಿ ಎಲ್ಲವೂ ಎದ್ದು ಕಾಣುತ್ತವೆ. ನಾಲ್ಕೂ ಗೋಡೆಗೆ ಹಚ್ಚದೆ ಒಲೆಯಿಂದ ದೂರದ, ಕಿಟಕಿಯ ಬೆಳಕು ಬೀಳುವ ಒಂದು ಗೋಡೆಗೆ ಒರೆಸಿದರೆ ಹೋಗುವಂಥ ಬಣ್ಣ ಹಚ್ಚುವುದು ಜಾಣತನ. ಆ ಗೋಡೆ ಒರೆಸುವವರು ಯಾರೋ ಬಣ್ಣ ಆರಿಸುವವರೂ ಅವರೇ ಆಗಿರುವುದು ನ್ಯಾಯ. ಸುಣ್ಣದ ಕಾಲದಲ್ಲಿ ಹಾಗಿರಲಿಲ್ಲ: ಮನೆಯ ನಕ್ಷೆ ಗಂಡಸಿನದು, ಮಸಿ ಹೆಂಗಸಿನದು.

ಚರಿತ್ರೆ ಇಲ್ಲಿಗೆ ಮುಗಿದಿದೆ ಎನ್ನುವ ಹಾಗಿಲ್ಲ. ಸಿಲಿಂಡರಿನ ಬೆಲೆ ಏರಿದ ತಿಂಗಳು ಹಲವು ಮನೆಗಳಲ್ಲಿ ಗ್ಯಾಸ್ ಒಲೆ ಚಹಾ, ಸಾರಿಗೆ ಮಾತ್ರ. ರೊಟ್ಟಿಗೆ ಮತ್ತೆ ಕಟ್ಟಿಗೆ. ಅಡುಗೆಮನೆ ಬೆಳ್ಳಗಾದ ಮನೆಗಳಲ್ಲೂ ನೀರು ಕಾಯಿಸುವ ಹಂಡೆಯ ಒಲೆ ಬಚ್ಚಲಿನಲ್ಲೋ ಹಿತ್ತಿಲಲ್ಲೋ ಉಳಿದಿದೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅದಕ್ಕೆ ಬೆಂಡು ತುಂಬುವವಳು ಈಗಲೂ ಹೆಚ್ಚಾಗಿ ಮನೆಯ ಹೆಂಗಸೇ. ಆ ಬಚ್ಚಲಿನ ಗೋಡೆಗೆ ಯಾವ ಬಣ್ಣ ಎಂದು ಯಾರೂ ಅವಳನ್ನು ಕೇಳುವುದಿಲ್ಲ. ಅದು ಈಗಾಗಲೇ ಕಪ್ಪಾಗಿದೆ.