ಪಾಠ ಮುಗಿಯಿತು, ತಲುಪಿತೇ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಗುಬ್ಬಿ ಕಡೆ ಹೊರಟ ಲಾರಿಗೂ ಎದುರಿನಿಂದ ಬಂದ ಪುಟ್ಟ ಕಾರಿಗೂ ಡಿಕ್ಕಿಯಾಯಿತು ಎಂದುಕೊಳ್ಳಿ. ಯಾವುದರ ಮೇಲೆ ಬಿದ್ದ ಬಲ ಹೆಚ್ಚು? ನ್ಯೂಟನ್ನನ ಮೂರನೇ ನಿಯಮವನ್ನು ಅಕ್ಷರ ತಪ್ಪದೆ ಬರೆಯುವ ಬಿ.ಎಸ್ಸಿ. ವಿದ್ಯಾರ್ಥಿಗಳಲ್ಲೂ ಎಷ್ಟೋ ಮಂದಿ ಕಾರು ಎನ್ನುತ್ತಾರೆ. ಬಲ ಎರಡರ ಮೇಲೂ ಸಮ. ದ್ರವ್ಯರಾಶಿ ಕಡಿಮೆ ಇರುವುದರಿಂದ ಕಾರಿನ ವೇಗ ಹೆಚ್ಚು ಬದಲಾಗುತ್ತದೆ, ಅಷ್ಟೆ.

ನಿಯಮ ಬಾಯಿಗೆ ಬಂದಿದೆ, ಪಾಠ ತಲುಪಿಲ್ಲ. ತಲುಪಿತೇ ಎಂದು ಅಳೆಯುವ ಪ್ರಯತ್ನ ಶುರುವಾದದ್ದು ಮಾತ್ರ ಅಭಿಪ್ರಾಯ ಕೇಳುವುದರಿಂದ. 1920ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಹರ್ಮನ್ ರೆಮ್ಮರ್ಸ್ ವಿದ್ಯಾರ್ಥಿಗಳಿಂದ ಅಧ್ಯಾಪಕರಿಗೆ ಅಂಕ ಕೊಡಿಸಿದರು. ಆ ಪದ್ಧತಿಗೆ ದೊಡ್ಡ ಪೆಟ್ಟು ಬಿದ್ದದ್ದು 1973ರಲ್ಲಿ. ‘ಡಾಕ್ಟರ್ ಫಾಕ್ಸ್’ ಎಂದು ಪರಿಚಯಿಸಲಾದ ಒಬ್ಬ ನಟ ತಲೆಬುಡವಿಲ್ಲದ ಉಪನ್ಯಾಸ ಕೊಟ್ಟು, ವೈದ್ಯಕೀಯ ಶಿಕ್ಷಕರಿಂದಲೇ ಮೆಚ್ಚುಗೆ ಪಡೆದಿದ್ದ ಪ್ರಯೋಗದ ವರದಿ ಆ ವರ್ಷ ಪ್ರಕಟವಾಯಿತು. ಮೆಚ್ಚುಗೆಯೇ ಬೇರೆ, ಕಲಿಕೆಯೇ ಬೇರೆ ಎಂಬುದು 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲೂ ಕಂಡಿತು. ಚರ್ಚಿಸಿ, ಲೆಕ್ಕ ಬಿಡಿಸಿ ಕಲಿತವರು ಬರೀ ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವೆಂದು ಭಾವಿಸಿದ್ದರು.

ನಮ್ಮಲ್ಲಿ ಅಳತೆ ಬಂದದ್ದು ಕಡತದ ಮೂಲಕ. 1994ರಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸ್ಥಾಪನೆಯಾಯಿತು. 2010ರಲ್ಲಿ ಯುಜಿಸಿ ಅಧ್ಯಾಪಕರ ಬಡ್ತಿಗೆ ಅಂಕಪಟ್ಟಿ ತಂದಿತು. ಪ್ರಬಂಧ, ವಿಚಾರಸಂಕಿರಣಗಳ ಪ್ರಮಾಣಪತ್ರಗಳಿಗೆ ಬೆಲೆ ಏರಿತು. 2018ರ ನಿಯಮದಲ್ಲಂತೂ ವಹಿಸಿದ ತರಗತಿಗಳಲ್ಲಿ ಶೇ. 80ರಷ್ಟು ತೆಗೆದುಕೊಂಡರೆ ಬೋಧನೆ ‘ಉತ್ತಮ’. ಕೇಳುವವರಿಗೆ ಏನು ಅರ್ಥವಾಯಿತು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಇದು ಹಾಜರಾತಿ ಪುಸ್ತಕ, ಅಳತೆಗೋಲಲ್ಲ.

ನಿಜವಾದ ಅಳತೆಗೋಲು ಸಿಕ್ಕಿದ್ದು 1992ರಲ್ಲಿ. ಅರಿಜೋನಾದ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು ಮೇಲಿನ ಡಿಕ್ಕಿಯಂಥ ಪ್ರಶ್ನೆಗಳನ್ನು ಪೋಣಿಸಿ ಬಲದ ಪರಿಕಲ್ಪನೆಯ ಪರೀಕ್ಷೆಯೊಂದನ್ನು ರೂಪಿಸಿದರು. ಸೂತ್ರ ಬೇಡ, ಲೆಕ್ಕ ಬೇಡ. ತಪ್ಪು ಉತ್ತರಗಳೆಲ್ಲ ಜನಸಾಮಾನ್ಯರ ನಂಬಿಕೆಗಳೇ. 1998ರಲ್ಲಿ ರಿಚರ್ಡ್ ಹೇಕ್ 6,542 ವಿದ್ಯಾರ್ಥಿಗಳು ಪಾಠಕ್ಕೆ ಮುಂಚೆಯೂ ಆಮೇಲೂ ಇಂಥ ಪರೀಕ್ಷೆಗಳಲ್ಲಿ ಪಡೆದ ಅಂಕಗಳನ್ನು ತೂಗಿದರು. ಬರೀ ಉಪನ್ಯಾಸದ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳನ್ನು ತೊಡಗಿಸಿಕೊಂಡವುಗಳದು 0.48.

ಹೇಕ್ ಲೆಕ್ಕ ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು. ಕುಣಿಗಲ್‌ನ ತರಗತಿಯೊಂದು ಮೊದಲ ವಾರ 100ಕ್ಕೆ 30 ತೆಗೆದು, ಕೊನೆಯಲ್ಲಿ 58ಕ್ಕೆ ಬಂತೆನ್ನಿ. ಗಳಿಸಬಹುದಾಗಿದ್ದ 70ರಲ್ಲಿ ಗಳಿಸಿದ್ದು 28, ಅಂದರೆ 0.40. ತುಮಕೂರಿನ ತರಗತಿ 60ರಿಂದ 70ಕ್ಕೆ ಏರಿದರೆ ಗಳಿಕೆ 0.25. ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಮೇಲೆ. ಪಾಠ ಚೆನ್ನಾಗಿ ನಡೆದದ್ದು ಕುಣಿಗಲ್‌ನಲ್ಲಿ. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪುಸ್ತಕದ ಮುಂದೆ ಕೂರುವ ಮಕ್ಕಳಿಗೆ ಕಲಿಸುವವರ ದುಡಿಮೆ ಕಾಣುವುದು ಹೀಗೆ ಮಾತ್ರ. ವರ್ಷವರ್ಷವೂ ನೇಮಕಕ್ಕೆ ಕಾಯುವ ಅತಿಥಿ ಉಪನ್ಯಾಸಕರದ್ದಂತೂ ಬೇರೆಲ್ಲೂ ದಾಖಲಾಗದು.

ಪಾಠವನ್ನು ಅಳೆಯಲು ಇನ್ನೊಂದು ದಾರಿಯೂ ಇದೆ. 2013ರಲ್ಲಿ ಬಂದ ಕೋಪಸ್ ವಿಧಾನದಲ್ಲಿ ವೀಕ್ಷಕರು ಎರಡೆರಡು ನಿಮಿಷಕ್ಕೊಮ್ಮೆ ತರಗತಿಯಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಗುರುತು ಹಾಕುತ್ತಾರೆ. ಒಳ್ಳೆಯದೇ, ಆದರೆ ಒಬ್ಬರೇ ಅಧ್ಯಾಪಕರಿರುವ ವಿಭಾಗದಲ್ಲಿ ವೀಕ್ಷಕರನ್ನು ಎಲ್ಲಿಂದ ತರುವುದು?

2004ರವರೆಗೆ ಈ ಜಿಲ್ಲೆಯ ಕಾಲೇಜುಗಳ ಪರೀಕ್ಷೆ ಬೆಂಗಳೂರು ವಿಶ್ವವಿದ್ಯಾಲಯದ ಕೈಯಲ್ಲಿತ್ತು. ಈಗ ತುಮಕೂರಿಗೆ ತನ್ನದೇ ವಿಶ್ವವಿದ್ಯಾಲಯವಿದೆ. ಅದರ ಅಧ್ಯಯನ ಮಂಡಳಿಗಳು ಮೊದಲ ಸೆಮಿಸ್ಟರ್‌ನ ಆರಂಭಕ್ಕೂ ಕೊನೆಗೂ ಕನ್ನಡ–ಇಂಗ್ಲಿಷ್ ಎರಡರಲ್ಲೂ ಹೆಸ್ಟೆನಿಸ್ ರೂಪಿಸಿದಂಥ ಅರ್ಧ ಗಂಟೆಯ ಪರೀಕ್ಷೆ ಇಡಲಿ. ಅದರ ಅಂಕವನ್ನು ಬಡ್ತಿಗೆ ಮಾತ್ರ ಜೋಡಿಸದಿರಲಿ. ಜೋಡಿಸಿದ ಮರುವರ್ಷವೇ ಅದಕ್ಕೂ ಗೈಡ್ ಬಂದೀತು.