ಜಾಳು ಹೆಣಿಗೆ

ನಮ್ಮ ನುಡಿಯಲ್ಲಿ ‘ಜಾಳು’ ಎಂಬುದು ಮೆಚ್ಚಿಕೆಯ ಮಾತಲ್ಲ. ನೆಯ್ಗೆಯಲ್ಲಿ ಬಿಗಿಯಿಲ್ಲದಿದ್ದರೆ ಜಾಳು ಬಟ್ಟೆ, ಮಾತಿನಲ್ಲಿ ಹುರುಳಿಲ್ಲದಿದ್ದರೆ ಜಾಳು ಮಾತು. ಆದರೆ ಬೇಕೆಂದೇ ಜಾಳಾಗಿ ಹೆಣೆಯುವ ಕಸುಬೊಂದುಂಟು, ಅದು ಕ್ರೋಷಾ. ಫ್ರೆಂಚಿನಲ್ಲಿ ಈ ಪದಕ್ಕೆ ಚಿಕ್ಕ ಕೊಕ್ಕೆಯೆಂದು ಅರ್ಥ. ಸ್ವೆಟರಿನ ಹೆಣಿಗೆಗೆ ಎರಡು ಕಡ್ಡಿ ಬೇಕು. ಇದಕ್ಕೆ ತುದಿಯಲ್ಲಿ ಕೊಕ್ಕೆಯುಳ್ಳ ಒಂದೇ ಕಡ್ಡಿ ಸಾಕು. ಒಂದು ಕುಣಿಕೆಯೊಳಗಿಂದ ಇನ್ನೊಂದನ್ನು ಎಳೆಯುತ್ತ ಹೋದರೆ ಸರಪಳಿಯಾಗುತ್ತದೆ. ಅದರ ಮೇಲೆ ಅಲ್ಲಲ್ಲಿ ಎಡೆ ಬಿಟ್ಟು ಹೆಣೆದರೆ ಕಿಂಡಿಗಳು ಮೂಡುತ್ತವೆ. ಸ್ವಲ್ಪ ದಾರದಲ್ಲಿ ಹೆಚ್ಚು ಅಗಲ ಸಿಕ್ಕುವುದರಿಂದ ಬಡವರ ಮನೆಗೂ ಇದು ಒದಗಿತು.

ಇದರ ಚರಿತ್ರೆಯಲ್ಲಿ ಹಸಿವಿನ ಅಧ್ಯಾಯವೊಂದಿದೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ನಾಶವಾಗಿ ಕ್ಷಾಮ ಬಂದಾಗ, ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಬಡ ಹೆಂಗಸರಿಗೆ ಈ ಕೆಲಸ ಕಲಿಸಿದರು. ಸೂಜಿಯ ಲೇಸಿಗಿಂತ ಇದು ಬೇಗ ಮುಗಿಯುತ್ತಿತ್ತು, ಬೇಗ ಕಾಸಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲೇ ಪಾದ್ರಿಗಳ ಮನೆಯವರ ಮೂಲಕ ಇದು ಗೋದಾವರಿ ತೀರದ ನರಸಾಪುರಕ್ಕೂ ಬಂದು ನೆಲೆಸಿತು.

ನಾನು ಬೆಳೆದದ್ದು ಕೋಲಾರದ ಚಿನ್ನದ ಗಣಿಗಳ ಚಾಂಪಿಯನ್ ರೀಫ್ಸಿನಲ್ಲಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಈ ಪ್ರದೇಶಕ್ಕೆ ಕಾಲಿಟ್ಟ ಮೇಲೆ ತಮಿಳು, ತೆಲುಗು ಸೀಮೆಗಳ ಜನ ಕೂಲಿಗಾಗಿ ಬಂದು ನೆಲೆಸಿದ ಊರು ಅದು. ನಮ್ಮ ತಾಯಿ ಕ್ರೋಷಾ ಕಲಿತದ್ದು ಪಕ್ಕದ ಮನೆಯ ತಮಿಳು ಅಕ್ಕನಿಂದ. ತಂದೆಯವರದು ನೆಲದಡಿಯ ಕೆಲಸ. ರಾತ್ರಿ ಪಾಳಿಯ ದಿನ ಆಳದಲ್ಲೆಲ್ಲೋ ಬಂಡೆ ಸಿಡಿದರೆ ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವು. ತಾಯಿಯ ಕೈ ತಟ್ಟನೆ ನಿಲ್ಲುತ್ತಿತ್ತು. ಒಂದಿಷ್ಟು ಹೊತ್ತು ಕಿವಿಗೊಟ್ಟಿದ್ದು, ಬಿಟ್ಟಲ್ಲಿಂದ ಎಣಿಕೆ ತಪ್ಪದೆ ಮುಂದುವರಿಸುತ್ತಿದ್ದರು.

ಅವರು ಹೆಣೆದ ರೇಡಿಯೋ ಹೊದಿಕೆ, ಮೇಜಿನ ಹಾಸು ಮಾರಾಟವಾಗುತ್ತಿದ್ದವು. ನನ್ನ ಕಾಲೇಜಿನ ಶುಲ್ಕ ಹುಟ್ಟಿದ್ದು ಅದರಿಂದಲೇ. ಆದರೂ ಪ್ರವೇಶದ ಅರ್ಜಿಯಲ್ಲಿ ‘ತಾಯಿಯ ಉದ್ಯೋಗ’ ಎಂಬುದರ ಮುಂದೆ ನಾನು ಬರೆದದ್ದು ‘ಇಲ್ಲ’ ಎಂದು. ತಾಯಿಯೂ, “ಸುಮ್ಮನೆ ಕೂತಾಗ ಮಾಡಿದ್ದು, ಅದೇನು ಉದ್ಯೋಗವೇ?” ಎಂದರು.

ಮುಂದೆ ನರಸಾಪುರದ ಹೆಂಗಸರನ್ನು ಕುರಿತು ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಿದೆ. ಹೊರದೇಶಗಳಿಗೆ ಹೋಗುವ ಸರಕನ್ನು ದಿನವೂ ಹಲವು ಗಂಟೆ ದುಡಿದು ಮಾಡುವವರನ್ನು ‘ಗೃಹಿಣಿ’ ಎಂದೂ ಅವರ ದುಡಿಮೆಯನ್ನು ಬಿಡುವಿನ ಕೆಲಸವೆಂದೂ ಕರೆದು ಕೂಲಿಯನ್ನು ಹೇಗೆ ಇಳಿಸಲಾಯಿತೆಂಬುದನ್ನು ಆಕೆ ತೋರಿಸಿದ್ದಾರೆ. ಓದುತ್ತ ನನಗೆ ನನ್ನ ಅರ್ಜಿಯೇ ನೆನಪಾಯಿತು.

ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತೆಂದು ಲೆಕ್ಕವಿದೆ. ಸಾಲುಮನೆಗಳ ಹೊಸ್ತಿಲಲ್ಲಿ ಕುಳಿತು ಹೆಣೆದ ಗಜಗಳ ಲೆಕ್ಕವನ್ನು ಯಾರೂ ಇಡಲಿಲ್ಲ. ಅದರಿಂದ ಓದಿದ ನಾನೂ ಇಡಲಿಲ್ಲ. ಆ ಅರ್ಜಿಯನ್ನು ಈಗ ತುಂಬುವಂತಿದ್ದರೆ, ಆ ಒಂದು ಮಾತನ್ನು ಹೊಡೆದುಹಾಕಿ ‘ಕ್ರೋಷಾ ಹೆಣಿಗೆ’ ಎಂದು ಬರೆಯುತ್ತಿದ್ದೆ.